ಹರಾಜಲ್ಲಿ ಹಳೇ ಮಾಲು: ಯಾವುದಕ್ಕೆ ದುಡ್ಡು ಹಾಕೋದು, ಯಾವುದನ್ನ ನೋಡಿ ಸುಮ್ನಾಗೋದು

1995ರಲ್ಲಿ ಪಿಯರ್ ಒಮಿಡ್ಯಾರ್ ಅನ್ನೋ ಪ್ರೋಗ್ರಾಮರ್ ಒಂದು ಹರಾಜಿನ ವೆಬ್‌ಸೈಟ್ ಶುರು ಮಾಡಿದ, ಮುಂದೆ ಅದೇ ಈಬೇ ಆಯ್ತು. ಅದ್ರಲ್ಲಿ ಮೊದಲು ಮಾರಾಟ ಆದ ವಸ್ತು ಅಂತ ಹೇಳೋದು ಕೆಟ್ಟು ನಿಂತ ಒಂದು ಲೇಸರ್ ಪಾಯಿಂಟರ್ನ. 14.83 ಡಾಲರ್‌ಗೆ ಹೋಯ್ತು. ಇದು ಕೆಟ್ಟಿದೆ ಅಂತ ನಿಮಗೆ ಗೊತ್ತು ತಾನೇ ಅಂತ ಒಮಿಡ್ಯಾರ್ ಕೇಳಿದ್ದಕ್ಕೆ, ನಾನು ಕಲೆಕ್ಟ್ ಮಾಡೋದೇ ಕೆಟ್ಟ ಲೇಸರ್ ಪಾಯಿಂಟರ್‌ಗಳನ್ನ ಅಂದನಂತೆ ಕೊಂಡವನು. ಎಲ್ರೂ ಇದನ್ನ ಜೋಕ್ ಥರ ಹೇಳ್ತಾರೆ, ನನಗೆ ಮಾತ್ರ ಆ ಮನುಷ್ಯನ ಮೇಲೆ ಗೌರವ ಇದೆ, ಯಾಕಂದ್ರೆ ತನಗೆ ಏನು ಬೇಕು ಅಂತ ಅವನಿಗೆ ಪಕ್ಕಾ ಗೊತ್ತಿತ್ತು.

ನಮ್ಮಂಥವರ ಕಥೆ ಹಂಗಲ್ಲ. ಫೋಟೋ ತೆಗೀಬೇಕು ಅಂತ ಹಳೇ ಫಿಲ್ಮ್ ಕ್ಯಾಮೆರಾ ಹುಡುಕೋಕೆ ಕೂರ್ತೀವಿ, ಕೊನೆಗೆ ಒರಿಜಿನಲ್ ಡಬ್ಬ, ವಾರಂಟಿ ಕಾರ್ಡು, ಚರ್ಮದ ಕೇಸು ಎಲ್ಲ ಇದೆ ಅನ್ನೋ ಒಂದೇ ಕಾರಣಕ್ಕೆ ಎರಡು ಪಟ್ಟು ಕೊಟ್ಟು ಎದ್ದು ಬರ್ತೀವಿ. ಬರೆಯೋಕೆ ಪೆನ್ನು ಬೇಕಿತ್ತು, ತಗೊಂಡಿದ್ದು ಸ್ಟಿಕ್ಕರ್ ಕೂಡ ಕೀಳದ ಪೆನ್ನು, ಈಗ ಅದಕ್ಕೆ ಇಂಕ್ ತುಂಬೋಕೇ ಮನಸ್ಸು ಬರಲ್ಲ. ಹಂಗಾಗಿ ಕೆಳಗೆ ನಾನು ಏನೇನು ಹೋಲಿಸಿದ್ರೂ ಒಂದೇ ಪ್ರಶ್ನೆ ಇಟ್ಕೊಂಡು ಹೋಲಿಸ್ತೀನಿ: ಇದನ್ನ ಬಳಸ್ತೀರಾ, ಇಲ್ಲಾ ಎತ್ತಿಡ್ತೀರಾ? ಎರಡಕ್ಕೂ ಬೇರೆ ಬೇರೆ ಮಾಲು, ಬೇರೆ ಬೇರೆ ರೇಟು.

ಮೂರನೇ ಉತ್ತರ ಒಂದಿದೆ, ಮುಂದೆ ಮಾರಿ ದುಡ್ಡು ಮಾಡ್ತೀನಿ ಅನ್ನೋದು. ಅದನ್ನ ಇಲ್ಲೇ ಮುಗಿಸಿಬಿಡೋಣ. ಬ್ರಿಟಿಷ್ ಗಯಾನಾ ಒನ್ ಸೆಂಟ್ ಮೆಜೆಂಟಾ ಅಂತ ಒಂದು ಸ್ಟಾಂಪ್ ಇದೆ, ಪ್ರಪಂಚದಲ್ಲೇ ಒಂದೇ ಒಂದು ಇರೋದು, 2014ರಲ್ಲಿ ಸುಮಾರು 95 ಲಕ್ಷ ಡಾಲರ್‌ಗೆ ಹೋಗಿತ್ತು, 2021ರಲ್ಲಿ ಮತ್ತೆ ಹರಾಜಿಗೆ ಬಂದಾಗ ಸುಮಾರು 83 ಲಕ್ಷ. ಒಂದೇ ಒಂದು ಇರೋ ಸ್ಟಾಂಪಿನ ಗತಿನೇ ಇದು ಅಂದ್ಮೇಲೆ, ಫ್ಯಾಕ್ಟರಿಯಲ್ಲಿ ರಾಶಿ ರಾಶಿ ಮಾಡಿ 'ಲಿಮಿಟೆಡ್ ಎಡಿಷನ್' ಅಂತ ಅಚ್ಚು ಹಾಕಿರೋ ಗೊಂಬೆ ಮೇಲೇರುತ್ತೆ ಅಂತ ನಂಬೋದು ನಿಮ್ಮಿಷ್ಟ. 1999ರಲ್ಲಿ ಲಾಸ್ ವೇಗಸ್ ಕೋರ್ಟಲ್ಲಿ ಡೈವೋರ್ಸ್ ಆಗ್ತಿದ್ದ ಗಂಡ ಹೆಂಡ್ತಿ ಇಬ್ರೂ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬೀನಿ ಬೇಬಿ ಗೊಂಬೆಗಳನ್ನ ನಿಂಗೊಂದು ನಂಗೊಂದು ಅಂತ ಪಾಲು ಮಾಡ್ಕೊಂಡ ಫೋಟೋ ಈಗ್ಲೂ ಓಡಾಡ್ತಾ ಇರುತ್ತೆ, ಆಗ ಅದು ಆಸ್ತಿ ಆಗಿತ್ತು, ಸಾಮಾನ್ಯ ಬೀನಿ ಬೇಬಿ ಈಗ ಪುಕ್ಕಟೆ ಕೊಟ್ರೆ ತಗೊಳ್ಳೋರನ್ನ ಹುಡುಕ್ಬೇಕು.

ಕೇಳೋ ರೇಟು ಬೇರೆ, ಹೋದ ರೇಟು ಬೇರೆ

ಏನೇ ತಗೊಳ್ಳೋಕೆ ಮುಂಚೆ ಮಾಡೋ ಕೆಲಸ ಇದು. ಸರ್ಚಲ್ಲಿ ಕಾಣೋದು ಮಾರೋನು ಕೇಳ್ತಿರೋ ರೇಟು. ಅದು ಅವನ ಆಸೆ, ಅಷ್ಟೇ. ಮಾರಾಟ ಆಗದೇ ವರ್ಷಗಟ್ಟಲೆ ಕೂತಿರೋ ಲಿಸ್ಟಿಂಗೇ ಜಾಸ್ತಿ ಕಣ್ಣಿಗೆ ಬೀಳೋದು, ಸರಿಯಾದ ರೇಟಿಗೆ ಹಾಕಿದ್ದು ಹೋಗಿಬಿಟ್ಟಿರುತ್ತೆ, ಹಂಗಾಗಿ ಪೇಟೆನೇ ಮೇಲೇರಿದೆ ಅಂತ ನಮಗೆ ಭ್ರಮೆ. ಈಬೇಯಲ್ಲಿ 'ಸೋಲ್ಡ್ ಐಟಮ್ಸ್' ಅಂತ ಒಂದು ಫಿಲ್ಟರ್ ಇದೆ, ಹಾಕಿ ನೋಡಿ, ಇತ್ತೀಚಿನ ತಿಂಗಳುಗಳಲ್ಲಿ ನಿಜವಾಗಿ ಕೈ ಬದಲಾಯಿಸಿದ್ದು ಬರುತ್ತೆ. ಅಲ್ಲೂ ಒಂದು ಸೂಕ್ಷ್ಮ: 'ಬೆಸ್ಟ್ ಆಫರ್' ಒಪ್ಪಿ ಮಾರಿದ್ರೆ ಹಳೇ ರೇಟಿನ ಮೇಲೆ ಗೀಟು ಎಳೆದಿರುತ್ತೆ, ಅಂದ್ರೆ ಅದಕ್ಕಿಂತ ಕಮ್ಮಿಗೆ ಹೋಗಿದೆ, ಎಷ್ಟಕ್ಕೆ ಅಂತ ತೋರಿಸಲ್ಲ. ಲೆಗೋ ಆದ್ರೆ ಬ್ರಿಕ್‌ಲಿಂಕ್ ಸೈಟಲ್ಲಿ ಕಳೆದ 6 ತಿಂಗಳ ಮಾರಾಟದ ಸರಾಸರಿ ಸಿಗುತ್ತೆ, ರೆಕಾರ್ಡ್ ಆದ್ರೆ ಡಿಸ್ಕಾಗ್ಸ್ ಸೈಟಲ್ಲಿ ಅದೇ ಪ್ರೆಸ್ಸಿಂಗ್ (ಅದೇ ಸಲ ಅಚ್ಚಾದ ಪ್ರತಿ) ಅತಿ ಕಮ್ಮಿ ಎಷ್ಟಕ್ಕೆ ಹೋಯ್ತು, ಅತಿ ಜಾಸ್ತಿ ಎಷ್ಟಕ್ಕೆ, ನಡುವಿನ ರೇಟು ಎಷ್ಟು ಅಂತ ಇರುತ್ತೆ. ನಡುವಿನದ್ದನ್ನ ನೋಡಿ. ಅತಿ ಜಾಸ್ತಿಗೆ ಹೋಗಿದ್ದು ಯಾವನೋ ಪುಣ್ಯಾತ್ಮ ಹಠಕ್ಕೆ ಬಿದ್ದಿದ್ದು.

ಬಿಡ್ ಹಾಕೋದಾ, ಫಿಕ್ಸೆಡ್ ರೇಟಿಗೆ ತಗೊಳ್ಳೋದಾ

ಹರಾಜು ಅಂದ್ರೆ ಅಗ್ಗ ಅನ್ನೋ ನಂಬಿಕೆ ಎಲ್ಲಿಂದ ಬಂತೋ ಗೊತ್ತಿಲ್ಲ. ಹಠಕ್ಕೆ ಬಿದ್ದ ಪುಣ್ಯಾತ್ಮ ಅಂದ್ನಲ್ಲ, ಒಂದ್ಸಲ ಅದು ನಾನೇ. ಒಂದು ಒಲಿಂಪಸ್ ಓಎಂ-1 ಫಿಲ್ಮ್ ಕ್ಯಾಮೆರಾ, 50 ಎಂಎಂ ಲೆನ್ಸ್ ಸಮೇತ, ನಾನು ಮನಸ್ಸಲ್ಲಿ ಒಂದು ಮೊತ್ತ ಅಂತ ಇಟ್ಕೊಂಡು ಕೂತೆ, ಕೊನೇ ಹತ್ತು ನಿಮಿಷದಲ್ಲಿ ಇನ್ನೊಬ್ಬ ಬಂದ, ಅವನು ಒಂದು ಹಾಕಿದ್ರೆ ನಾನು ಒಂದು, ಅವನ ಹೆಸರು ಕೂಡ ಪೂರ್ತಿ ಕಾಣಲ್ಲ, ಒಂದು ಅಕ್ಷರ ಮೂರು ಚುಕ್ಕಿ ಇನ್ನೊಂದು ಅಕ್ಷರ, ಆ ಮೂರು ಚುಕ್ಕಿ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಗೆದ್ದೆ. 'ಕಂಗ್ರಾಜುಲೇಷನ್ಸ್' ಅಂತ ಸ್ಕ್ರೀನ್ ಮೇಲೆ ಬಂತು, ಅಂದ್ಕೊಂಡಿದ್ದಕ್ಕಿಂತ ಒಂದೂವರೆ ಪಟ್ಟು ಕೊಟ್ಟಿದ್ದೆ. ಒಂದು ವಾರ ಆದ್ಮೇಲೆ ಅದೇ ಮಾಡೆಲ್ಲು, ನಂದಕ್ಕಿಂತ ಚೊಕ್ಕಟವಾಗಿರೋದು, ಫಿಕ್ಸೆಡ್ ರೇಟಿಗೆ, ನಾನು ಮೊದಲು ಅಂದ್ಕೊಂಡಿದ್ದ ಮೊತ್ತಕ್ಕಿಂತ್ಲೂ ಸ್ವಲ್ಪ ಕಮ್ಮಿಗೇ ಬಂತು. ನನ್ನನ್ನ ನೋಡಿ ಹಲ್ಲು ಕಿರಿದ ಹಾಗಿತ್ತು.

ಈ ಥರ ಆಗೋದು ಪ್ರಾಕ್ಸಿ ಬಿಡ್, ಅಂದ್ರೆ ನಾವು ಗರಿಷ್ಠ ಮೊತ್ತ ಕೊಟ್ರೆ ಸೈಟೇ ನಮ್ಮ ಪರವಾಗಿ ಬೇಕಾದಷ್ಟೇ ಏರಿಸ್ತಾ ಹೋಗೋದು, ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳ್ಳದೇ ಇದ್ದಾಗ. ನೀವು ಗರಿಷ್ಠ 100 ಅಂತ ಕೊಟ್ಟು, ಎರಡನೆಯವನು 60ಕ್ಕೆ ನಿಂತರೆ, ನಿಮಗೆ ಬೀಳೋದು 60ರ ಮೇಲೆ ಒಂದು ಮೆಟ್ಟಿಲು ಅಷ್ಟೇ, 100 ಅಲ್ಲ. ಅಂದ್ಮೇಲೆ ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗೋದ್ರಿಂದ ಏನೂ ಉಳಿಯಲ್ಲ, ಎದುರಿನವನಿಗೆ ಯೋಚನೆ ಮಾಡೋಕೆ, ಸಿಟ್ಟಾಗೋಕೆ ಟೈಮ್ ಕೊಟ್ಟ ಹಾಗೆ ಆಗುತ್ತೆ. ನಿಜವಾದ ಗರಿಷ್ಠ ಮೊತ್ತ ಒಂದೇ ಸಲ, ಕೊನೇ ಸೆಕೆಂಡುಗಳಲ್ಲಿ ಹಾಕಿ, ಎದ್ದು ಹೋಗಿ. ಇದಕ್ಕೆ ಸ್ನೈಪಿಂಗ್ ಅಂತಾರೆ. ಆಲ್ವಿನ್ ರಾತ್, ಆಕ್ಸೆಲ್ ಒಕೆನ್‌ಫೆಲ್ಸ್ ಅನ್ನೋ ಇಬ್ರು ಅರ್ಥಶಾಸ್ತ್ರಜ್ಞರು 2002ರಲ್ಲಿ ಈಬೇ ಹರಾಜನ್ನೂ ಆಗ ಅಮೆಜಾನ್ ನಡೆಸ್ತಿದ್ದ ಹರಾಜನ್ನೂ ಹೋಲಿಸಿ ಇದನ್ನೇ ಬರೆದ್ರು: ಗಡಿಯಾರ ನೋಡಿ ಠಕ್ ಅಂತ ಮುಗಿಯೋ ಕಡೆ ಜನ ಕೊನೇ ಕ್ಷಣಕ್ಕೆ ಕಾಯ್ತಾರೆ, ಕೊನೇಲಿ ಬಿಡ್ ಬಿದ್ರೆ ಟೈಮ್ ಮುಂದಕ್ಕೆ ಹೋಗೋ ಕಡೆ ಆ ಕಾಯೋದು ಅಷ್ಟಿಲ್ಲ. ಜಪಾನಿನ ಯಾಹೂ ಹರಾಜಲ್ಲಿ ಹಿಂಗೆ ಟೈಮ್ ಮುಂದಕ್ಕೆ ಹೋಗೋ ಸೌಲಭ್ಯ ಇದೆ, ಅಲ್ಲಿ ಸ್ನೈಪ್ ಮಾಡೋಕೆ ಹೋದ್ರೆ ಕೆಲಸ ನಡೆಯಲ್ಲ. ಮೊತ್ತ ಚೀಟಿ ಮೇಲೆ ಬರೆದು ಮುಂದೆ ಇಟ್ಕೊಳ್ಳಿ, ನಾನು ಹಂಗೇ ಮಾಡೋದು, ನಗಬೇಡಿ.

ಇನ್ನು ಯಾವಾಗ ಯಾವುದು? ಫ್ಯಾಕ್ಟರಿಯಲ್ಲಿ ಲಕ್ಷಗಟ್ಟಲೆ ತಯಾರಾದ ಮಾಲು, ವಾರಕ್ಕೆ ಹತ್ತಾರು ಲಿಸ್ಟ್ ಆಗೋದು, ಇದಕ್ಕೆಲ್ಲ ಹರಾಜಿನ ತಲೆನೋವೇ ಬೇಡ. ಫಿಕ್ಸೆಡ್ ರೇಟಲ್ಲಿ ನೋಡಿ, ಆಫರ್ ಆಪ್ಷನ್ ಇದ್ರೆ ಮರ್ಯಾದೆಯಾಗಿ ಒಂದು ಮೊತ್ತ ಕಳಿಸಿ, ಎರಡು ತಿಂಗಳಿಂದ ಮಾರಾಟ ಆಗದೇ ಕೂತಿರೋನು ಒಪ್ಪೋ ಚಾನ್ಸೇ ಜಾಸ್ತಿ. ಹರಾಜು ಲಾಭ ಆಗೋದು ಮಾರೋನಿಗೇ ತನ್ನ ಹತ್ರ ಇರೋದು ಏನು ಅಂತ ಗೊತ್ತಿಲ್ದೇ ಇರೋವಾಗ. ಫೋಟೋ ಮಸುಕು, ಹೆಸರಲ್ಲಿ ಸ್ಪೆಲ್ಲಿಂಗ್ ತಪ್ಪು, ಮಾಡೆಲ್ ನಂಬರ್ ಇಲ್ಲ, 'ತಾತನ ಪೆನ್ನು' ಅಂತ ಅಷ್ಟೇ ಬರೆದಿರೋದು. ಇಂಥದ್ದು ಸರ್ಚಲ್ಲಿ ಬೇರೆಯವರಿಗೆ ಸಿಗಲ್ಲ, ನೀವು ಬೇಕಂತಲೇ ತಪ್ಪು ಸ್ಪೆಲ್ಲಿಂಗ್ ಹಾಕಿ ಹುಡುಕಿದ್ರೆ ಸಿಗುತ್ತೆ.

ಬಿಡ್ ಹಿಸ್ಟರಿನೂ ಒಂದ್ಸಲ ತೆಗೆದು ನೋಡಿ. ಫೀಡ್‌ಬ್ಯಾಕ್ ಸೊನ್ನೆ ಇರೋ ಒಂದು ಅಕೌಂಟು, ಅದು ಹಾಕಿರೋ ಬಿಡ್ ಎಲ್ಲಾ ಇದೇ ಮಾರಾಟಗಾರನ ಐಟಮ್‌ಗಳಿಗೇ ಅಂತ ತೋರಿಸ್ತಿದ್ರೆ ಅದು ಮಾರೋನ ಕಡೆಯವನೇ ಇರಬಹುದು. ಆಮೇಲೆ 'ಗೆದ್ದವರು ದುಡ್ಡು ಕಟ್ಟಿಲ್ಲ, ನಿಮ್ಮ ಬಿಡ್ಡಿಗೇ ಕೊಡ್ತೀನಿ' ಅಂತ ಸೆಕೆಂಡ್ ಚಾನ್ಸ್ ಆಫರ್ ಬಂದ್ರೆ ಖುಷಿ ಪಡಬೇಡಿ. ಆ ಅಕೌಂಟ್ ಎಬ್ಬಿಸಿದ ರೇಟನ್ನ ಕಳೆದು, ಅದು ಇಲ್ದೇ ಇದ್ದಿದ್ರೆ ಎಲ್ಲಿಗೆ ನಿಲ್ತಿತ್ತು ಅಂತ ಲೆಕ್ಕ ಹಾಕಿ ಅಷ್ಟೇ ಕೊಡ್ತೀನಿ ಅನ್ನಿ.

ಖರ್ಚಿನ ಲೆಕ್ಕ ಒಂದೇ ಮಾತಲ್ಲಿ: ಶಿಪ್ಪಿಂಗು, ಗಡಿ ದಾಟಿ ಬರೋದಾದ್ರೆ ಕಸ್ಟಮ್ಸು, ದೊಡ್ಡ ಹರಾಜು ಸಂಸ್ಥೆ ಆದ್ರೆ ಸುತ್ತಿಗೆ ಬಿದ್ದ ರೇಟಿನ ಮೇಲೆ ಶೇ. 20ರ ಆಸುಪಾಸಿನ ಅಥವಾ ಅದಕ್ಕೂ ಜಾಸ್ತಿ ಬೈಯರ್ಸ್ ಪ್ರೀಮಿಯಂ (ಕೊಳ್ಳೋನು ಸಂಸ್ಥೆಗೆ ಕಟ್ಟೋ ಕಮಿಷನ್), ಇದನ್ನೆಲ್ಲ ಕೂಡಿ ಆಮೇಲೆ ಬಿಡ್ ಮೊತ್ತ ನಿರ್ಧಾರ ಮಾಡಿ, ಇಲ್ಲಾಂದ್ರೆ ಮೂಗಿಗಿಂತ ಮೂಗುತಿ ಭಾರ.

ಅನ್‌ಟೆಸ್ಟೆಡ್ ಮಾಲು, ಸರ್ವೀಸ್ ಆದ ಮಾಲು

ನನ್ನ ಪ್ರಕಾರ ಜನ ಜಾಸ್ತಿ ಕೈ ಸುಟ್ಕೊಳ್ಳೋದು ಇಲ್ಲೇ. 'ಅನ್‌ಟೆಸ್ಟೆಡ್, ಬ್ಯಾಟರಿ ಇಲ್ಲ, ಇದ್ದ ಹಾಗೇ ಮಾರಾಟ, ವಾಪಸ್ ಇಲ್ಲ.' ಈ ನಾಲ್ಕು ಮಾತು ಒಟ್ಟಿಗೆ ಕಂಡ್ರೆ ನಾನು ಅದನ್ನ 'ಟೆಸ್ಟ್ ಮಾಡಿದ್ದೀನಿ, ಕೆಟ್ಟಿದೆ' ಅಂತ್ಲೇ ಓದ್ಕೊಳ್ತೀನಿ. 40 ಕ್ಯಾಮೆರಾ ಮಾರಾಟಕ್ಕೆ ಇಟ್ಟಿರೋ ಮನುಷ್ಯನ ಹತ್ರ ಒಂದು ಬ್ಯಾಟರಿ ಇಲ್ವಾ? ಕ್ಯಾನನ್ ಎಇ-1 ತಗೊಳ್ಳಿ, 1976ರದ್ದು, ಅದಕ್ಕೆ ಬ್ಯಾಟರಿ ಇಲ್ಲಾಂದ್ರೆ ಶಟರ್ರೇ ಬೀಳಲ್ಲ, ಹಂಗಾಗಿ ಅದ್ರ ವಿಷಯದಲ್ಲಿ 'ಬ್ಯಾಟರಿ ಇಲ್ದೇ ಟೆಸ್ಟ್ ಮಾಡೋಕಾಗ್ಲಿಲ್ಲ' ಅನ್ನೋದು ಭಾರೀ ಅನುಕೂಲದ ನೆಪ. ಅದೇ ಓಎಂ-1 ಥರದ್ದು ಪೂರ್ತಿ ಮೆಕ್ಯಾನಿಕಲ್, ಬ್ಯಾಟರಿ ಬೆಳಕು ಅಳೆಯೋ ಮೀಟರಿಗೆ ಮಾತ್ರ, ಶಟರ್ ಹೊಡೆಯೋಕೆ ಏನೂ ಬೇಡ, ಅದನ್ನೂ ಅನ್‌ಟೆಸ್ಟೆಡ್ ಅಂತ ಹಾಕಿದ್ರೆ ಇನ್ನೂ ಹುಷಾರಾಗಿರಿ.

ನಾನು ಹಠ ಮಾಡಿ ಗೆದ್ದೆ ಅಂದ್ನಲ್ಲ, ಆ ಕ್ಯಾಮೆರಾ ಬಂತು. ಹಿಂದಿನ ಬಾಗಿಲು ತೆಗೆದೆ, ಬೆಳಕು ಒಳಗೆ ನುಗ್ಗದೇ ಇರ್ಲಿ ಅಂತ ಅಂಚಲ್ಲಿ ಹಾಕಿರೋ ಕಪ್ಪು ಫೋಮು ಕರಗಿ ಡಾಂಬರ್ ಥರ ಆಗಿ ಬೆರಳಿಗೆ ಅಂಟಿಕೊಳ್ತು, ಎರಡು ದಿನ ಉಗುರಿನ ಸಂದಿಯಿಂದ ಹೋಗ್ಲಿಲ್ಲ. ಅದೇನು ದೊಡ್ಡದಲ್ಲ, ಆ ಕಾಲದ ಕ್ಯಾಮೆರಾ ಅಂದ್ರೆ ಹೆಚ್ಚುಕಮ್ಮಿ ಎಲ್ಲದರ ಹಣೆಬರಹನೂ ಅದೇ, ಫೋಮ್ ಪಟ್ಟಿ ತಂದು ನಾವೇ ಅಂಟಿಸಬಹುದು. ಆಮೇಲೆ ಲೆನ್ಸಿಗೆ ಮೊಬೈಲ್ ಟಾರ್ಚ್ ಹಿಡಿದೆ ನೋಡಿ, ಒಳಗಿನ ಗಾಜಿನ ಮೇಲೆ ಜೇಡರಬಲೆ ಥರ ಎಳೆ ಎಳೆ, ಫಂಗಸ್ಸು. ಅದು ಕೋಟಿಂಗ್ ತಿಂದಿದ್ರೆ ಒರೆಸಿದ್ರೂ ಗುರುತು ಹೋಗಲ್ಲ. ಮೀಟರ್ ಕಥೆ ಇನ್ನೊಂದು, ಅದಕ್ಕೆ ಆಗ ಹಾಕ್ತಿದ್ದಿದ್ದು 1.35 ವೋಲ್ಟಿನ ಮರ್ಕ್ಯುರಿ ಬ್ಯಾಟರಿ, ಪಾದರಸ ಇದೆ ಅಂತ ಅದನ್ನ ಮಾಡೋದೇ ನಿಲ್ಲಿಸಿದ್ದಾರೆ, ಈಗಿನ 1.5 ವೋಲ್ಟಿನ ಆಲ್ಕಲೈನ್ ಹಾಕಿದ್ರೆ ರೀಡಿಂಗ್ ತಪ್ಪು ತೋರಿಸುತ್ತೆ. ಲಿಸ್ಟಿಂಗಲ್ಲಿ ಇದೆಲ್ಲ ಇರ್ಲಿಲ್ಲ. ಇದ್ದಿದ್ದು 'ವಯಸ್ಸಿಗೆ ತಕ್ಕ ಸ್ಥಿತಿ' ಅಂತ. ಸರಿಯಾಗೇ ಇದೆ ಬಿಡಿ, ಮಾತು ಸುಳ್ಳಲ್ಲ.

ಸರ್ವೀಸ್ ಆಗಿ, ಒಂದಷ್ಟು ತಿಂಗಳ ಗ್ಯಾರಂಟಿ ಸಮೇತ ಬರೋದಕ್ಕೆ ರೇಟು ಜಾಸ್ತಿ ಅನ್ಸುತ್ತೆ. ಆದ್ರೆ ಅನ್‌ಟೆಸ್ಟೆಡ್ ರೇಟಿಗೆ ಸರ್ವೀಸ್ ಖರ್ಚು ಕೂಡಿ, ಎರಡು ಕಡೆ ಕಳಿಸಿ ತರಿಸೋ ಖರ್ಚು ಕೂಡಿ, ರಿಪೇರಿ ಮಾಡೋರು ಸಿಗೋವರೆಗೂ ಕಾಯೋದನ್ನ ಕೂಡಿ ನೋಡಿ, ಬಳಸೋರಿಗೆ ಸರ್ವೀಸ್ ಆಗಿರೋದೇ ಗೆಲ್ಲೋದು. ಸ್ಕ್ರೂಡ್ರೈವರ್ ಹಿಡಿಯೋದೇ ನಿಮ್ಮ ಹವ್ಯಾಸ ಅಂದ್ರೆ ಅನ್‌ಟೆಸ್ಟೆಡ್ ತಗೊಳ್ಳಿ, ಆಗ ಕೆಟ್ಟಿರೋದೇ ಮಜಾ, ಆದ್ರೆ ಕೆಟ್ಟಿರೋದರ ರೇಟೇ ಕೊಡಿ. ನಡುವೆ ಸಿಕ್ಕಿಹಾಕಿಕೊಂಡಿದ್ರೆ ಮಾರೋನಿಗೆ ಮೂರೇ ವಿಷಯ ಕೇಳಿ: ಲೆನ್ಸ್ ಹಿಂದಿನಿಂದ ಟಾರ್ಚ್ ಬಿಟ್ಟು ತೆಗೆದ ಫೋಟೋ, ಹಿಂದಿನ ಬಾಗಿಲು ತೆಗೆದ ಫೋಟೋ, ಶಟರ್ 1 ಸೆಕೆಂಡಿಗೆ ಇಟ್ಟು ಹೊಡೆದ ವಿಡಿಯೋ. ಕಡಿಮೆ ವೇಗದಲ್ಲೇ ಹಳೇ ಎಣ್ಣೆ ಗಟ್ಟಿಯಾಗಿರೋದು ಗೊತ್ತಾಗೋದು, ಒಂದು ಸೆಕೆಂಡು ಅಂತ ಇಟ್ರೆ ಮೂರು ಸೆಕೆಂಡ್ ತೆರೆದೇ ಇರುತ್ತೆ. ಎಇ-1 ಆದ್ರೆ ವಿಡಿಯೋದಲ್ಲಿ ಸೌಂಡ್ ಇಟ್ಟು ಕೇಳಿ, ಒಳಗೆ ಎಣ್ಣೆ ಒಣಗಿದ್ರೆ ಶಟರ್ ಬೀಳೋವಾಗ ಕಿಂಯ್ ಅಂತ ಗೂರಲು ಕೆಮ್ಮಿನ ಥರ ಒಂದು ಸದ್ದು ಬರುತ್ತೆ, ಅದಕ್ಕೆ 'ಕ್ಯಾನನ್ ಕೆಮ್ಮು' ಅಂತ್ಲೇ ಹೆಸರು. ಕೇಳಿದ್ದಕ್ಕೆ ಉತ್ತರ ಕೊಡದೇ ಇರೋದೂ ಒಂದು ಉತ್ತರನೇ.

ಹಳೇದೇ ಬೇಕಾ, ಹೊಸದಾಗಿ ಬಂದಿದ್ದು ಸಾಕಾ

ಇದರಲ್ಲಿ ಎರಡು ಕಡೆಗೂ ಉದಾಹರಣೆ ಇದೆ. ಪಾರ್ಕರ್ 51 ಪೆನ್ನು ನೋಡಿ, 1941ರಲ್ಲಿ ಬಂದಿದ್ದು, ನಿಬ್ಬು ಪೂರ್ತಿ ಮುಚ್ಚಿಕೊಂಡು ಮೂತಿ ಮಾತ್ರ ಹೊರಗೆ ಕಾಣುತ್ತಲ್ಲ, ಅದು. ಹೀರೋ ಪೆನ್ನಲ್ಲಿ ಬರೆದವರಿಗೆ ಹೇಳಬೇಕಿಲ್ಲ, ಆ ಮೂತಿಯ ಮೂಲ ಇದೇ. 2021ರಲ್ಲಿ ಅದೇ ಹೆಸರಲ್ಲಿ ಹೊಸದು ಬಿಟ್ರು, ಆದ್ರೆ ಮುಚ್ಚಳ ಸ್ಕ್ರೂ ತಿರುಗಿಸೋದು, ಒಳಗೆ ಕಾರ್ಟ್ರಿಡ್ಜ್ (ಇಂಕ್ ತುಂಬಿ ಬರೋ ಕೊಳವೆ) ಅಥವಾ ಕನ್ವರ್ಟರು (ನಾವೇ ಇಂಕ್ ತುಂಬೋ ಕೊಳವೆ). ಹಳೇದರಲ್ಲಿ ಮುಚ್ಚಳ ಸುಮ್ನೆ ಎಳೆದ್ರೆ ಬರುತ್ತೆ, ಒತ್ತಿದ್ರೆ ಮೆತ್ತಗೆ ಕೂರುತ್ತೆ, ಆ ಕೂರೋ ಸುಖಕ್ಕೇ ಅರ್ಧ ದುಡ್ಡು ಕೊಡಬಹುದು. ಹಳೇದರಲ್ಲೂ ಎರಡು ಜಾತಿ: 1948ಕ್ಕಿಂತ ಮುಂಚಿನ ವ್ಯಾಕ್ಯುಮ್ಯಾಟಿಕ್, ಅದ್ರೊಳಗಿನ ರಬ್ಬರ್ ಡಯಾಫ್ರಾಮ್ ಸತ್ತಿರುತ್ತೆ, ಬದಲಾಯಿಸೋಕೆ ಟೂಲ್ ಬೇಕು, ಕೈ ಪಳಗಿರಬೇಕು. 1948ರಿಂದ ಬಂದಿದ್ದು ಏರೋಮೆಟ್ರಿಕ್, ಒತ್ತಿ ಒತ್ತಿ ತುಂಬೋದು, ಅದರ ಚೀಲದ ಪ್ಲಾಸ್ಟಿಕ್ ಎಷ್ಟು ಗಟ್ಟಿ ಅಂದ್ರೆ ಬಹಳ ಸಲ ನೀರಲ್ಲಿ ನೆನೆಹಾಕಿ ತೊಳೆದ್ರೆ ಸಾಕು, ಮತ್ತೆ ಬರೆಯುತ್ತೆ. ಕೋಟಿ ಲೆಕ್ಕದಲ್ಲಿ ಮಾರಾಟ ಆದ ಪೆನ್ನಿದು, 'ಅಪರೂಪ' ಅಂತ ಯಾರಾದ್ರೂ ಬರೆದಿದ್ರೆ ಮುಂದಕ್ಕೆ ಹೋಗಿ. ಬರೆಯೋರಿಗೆ ನನ್ನ ಸಲಹೆ ಏರೋಮೆಟ್ರಿಕ್, ಸ್ವಲ್ಪ ಗೀರು ಬಿದ್ದಿರೋದು, ಬೇರೆಯವರ ಹೆಸರು ಕೆತ್ತಿರೋದು. ಹೆಸರು ಕೆತ್ತಿದ್ರೆ ಕಲೆಕ್ಟರ್‌ಗಳು ಮೂಗು ಮುರೀತಾರೆ, ರೇಟು ಇಳಿಯುತ್ತೆ, ಬರೆಯೋಕೆ ಅದರಿಂದ ಏನಾಗ್ಬೇಕು?

ಲೆಗೋದಲ್ಲಿ ಉಲ್ಟಾ. 2007ರ ದೊಡ್ಡ ಮಿಲೇನಿಯಮ್ ಫಾಲ್ಕನ್ (ಸ್ಟಾರ್ ವಾರ್ಸ್ ಸಿನಿಮಾದ ಆಕಾಶನೌಕೆ) ಸೆಟ್ಟು, 5,000ಕ್ಕೂ ಮೀರಿದ ತುಂಡು, ನಿಂತುಹೋದ್ಮೇಲೆ ಹರಾಜಲ್ಲಿ ಆಕಾಶಕ್ಕೇರಿತ್ತು. 2017ರಲ್ಲಿ ಕಂಪನಿ 7,541 ತುಂಡಿನ ಹೊಸ ಫಾಲ್ಕನ್ನೇ ಬಿಟ್ಟುಬಿಡ್ತು, ಹಳೇದರ ರೇಟು ಇಳೀತು. ಕಟ್ಟೋ ಖುಷಿಗೆ ಹೊಸದೇ ವಾಸಿ, ದೊಡ್ಡದು, ಸೂಕ್ಷ್ಮ ಜಾಸ್ತಿ, ತುಂಡು ಕಳೆದಿರೋ ಭಯ ಇಲ್ಲ. ಇನ್ನು ರೆಕಾರ್ಡಲ್ಲಿ 'ಫಸ್ಟ್ ಪ್ರೆಸ್ಸಿಂಗ್' ಅಂತ ಲೇಬಲ್ ನೋಡಿ ಕೊಡಬೇಡಿ, ಹಾಡು ಮುಗಿದ್ಮೇಲೆ ಲೇಬಲ್ ಸುತ್ತ ಖಾಲಿ ಜಾಗ ಇರುತ್ತಲ್ಲ, ಅಲ್ಲಿ ಕೊರೆದಿರೋ ಮ್ಯಾಟ್ರಿಕ್ಸ್ ನಂಬರಿನ ಫೋಟೋ ತರಿಸಿ ಹೋಲಿಸಿ. ಕೇಳೋಕೆ ಮಾತ್ರ ಬೇಕು ಅಂದ್ರೆ ಒಳ್ಳೆ ರೀಇಶ್ಯೂ ಸಾಕು, ಚರಪರ ಸದ್ದೂ ಇರಲ್ಲ.

ಸೀಲು ಮತ್ತು ಸ್ಲ್ಯಾಬು

ಸೀಲ್ ಒಡೆಯದ ಡಬ್ಬ ಅಂದ್ರೆ ಒಳಗೆ ಏನಿದೆ ಅಂತ ನೋಡದೇ ದುಡ್ಡು ಕೊಡೋದು. 2021ರ ಜುಲೈನಲ್ಲಿ ಸೀಲ್ ಇರೋ ಒಂದು ಸೂಪರ್ ಮಾರಿಯೋ 64 ಗೇಮು 15.6 ಲಕ್ಷ ಡಾಲರ್‌ಗೆ ಹೋಯ್ತು, ಅದೇ ಗೇಮ್ ಆಡೋಕೆ ಬೇಕಾದ ಬರೀ ಕಾರ್ಟ್ರಿಡ್ಜು ಹುಡುಕಿದಷ್ಟೂ ಸಿಗುತ್ತೆ. ಯೂಟ್ಯೂಬರ್ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ಪೋಕೆಮಾನ್ ಕಾರ್ಡಿನ ಸೀಲ್ಡ್ ಕೇಸ್ ತಗೊಂಡಿದ್ದ, ಪರೀಕ್ಷೆ ಮಾಡಿ ಅಸಲಿ ಅಂತಾನೂ ಹೇಳಿದ್ರು, 2022ರಲ್ಲಿ ತೆಗೆದು ನೋಡಿದ್ರೆ ಒಳಗೆ ಪೋಕೆಮಾನ್ ಅಲ್ಲ, ಜಿ.ಐ. ಜೋ ಅನ್ನೋ ಬೇರೆ ಕಾರ್ಡು. ಅವನಿಗೆ ದುಡ್ಡು ವಾಪಸ್ ಬಂತು. ನಮಗೆ ಬರುತ್ತಾ?

ಗ್ರೇಡ್ ಮಾಡಿ ಪ್ಲಾಸ್ಟಿಕ್ ಸ್ಲ್ಯಾಬಲ್ಲಿ ಸೀಲ್ ಮಾಡಿದ ಕಾರ್ಡು, ಹಂಗೇ ಬಿಡಿಯಾಗಿರೋ ಕಾರ್ಡು, ಇವೆರಡರಲ್ಲಿ ಯಾವುದು ಅಂತ ಬಹಳ ಜನ ಕೇಳ್ತಾರೆ. ಪಿಎಸ್‌ಎ ಅನ್ನೋ ಕಂಪನಿ ಕಾರ್ಡಿನ ಸ್ಥಿತಿ ನೋಡಿ 10ರವರೆಗೆ ಗ್ರೇಡ್ ಕೊಡುತ್ತೆ, ಅದ್ರಲ್ಲಿ 9ಕ್ಕೂ 10ಕ್ಕೂ ರೇಟಲ್ಲಿ ಭಾರೀ ಅಂತರ ಇರುತ್ತೆ, ಕಾರ್ಡಲ್ಲಿರೋ ಅಂತರ ಮಾತ್ರ ಅಂಚಿನ ಗೆರೆ ಕೂದಲೆಳೆಯಷ್ಟು ಆಚೀಚೆ. ಆಲ್ಬಮ್ಮಲ್ಲಿ ಇಟ್ಟು ನೋಡೋರಿಗೆ 10 ಬೇಡವೇ ಬೇಡ. ನಕಲಿ ಜಾಸ್ತಿ ಓಡಾಡೋ ಕಾರ್ಡಾದ್ರೆ ಮಾತ್ರ 7, 8ರ ಸ್ಲ್ಯಾಬ್ ತಗೊಳ್ಳಿ, ಅಲ್ಲಿ ನೀವು ದುಡ್ಡು ಕೊಡ್ತಿರೋದು ಅಸಲಿ ಅನ್ನೋದಕ್ಕೆ, ಸರ್ಟಿಫಿಕೇಟ್ ನಂಬರ್ ಅವರ ವೆಬ್‌ಸೈಟಲ್ಲೇ ಹಾಕಿ ನೋಡ್ಕೊಳ್ಳಿ. ಬಿಡಿ ಕಾರ್ಡನ್ನ 'ಕಳಿಸಿದ್ರೆ 10 ಗ್ಯಾರಂಟಿ' ಅಂತ ಮಾರೋನು ಯಾಕೆ ತಾನೇ ಕಳಿಸಿಲ್ಲ ಅಂತ ಒಂದ್ನಿಮಿಷ ಯೋಚ್ನೆ ಮಾಡಿ. ಹಾಟ್ ವೀಲ್ಸ್ ಆಟಿಕೆ ಕಾರುಗಳಲ್ಲಿ ಅಪರೂಪಕ್ಕೆ ಸಿಗೋ ಸೂಪರ್ ಟ್ರೆಷರ್ ಹಂಟ್ ಕಾರುಗಳದ್ದೂ ಇದೇ ಪಾಡು, ಹೊಳೆಯೋ ಪೇಂಟು, ರಬ್ಬರ್ ಟೈರು ಇರಬೇಕು ಅನ್ನೋದು ಎಲ್ರಿಗೂ ಗೊತ್ತು, ಹಂಗಾಗಿ ಮಾಮೂಲಿ ಕಾರಿಗೆ ಟೈರ್ ಬದಲಾಯಿಸಿ ಮಾರೋರೂ ಇದ್ದಾರೆ, ಕಾರ್ಡ್‌ಬೋರ್ಡಿಂದ ಬಿಚ್ಚಿರೋ ಕಾರಾದ್ರೆ ಕೆಳಗಿನ ರಿವೆಟ್ ಕೊರೆದಿದ್ಯಾ ಅಂತ ಫೋಟೋ ದೊಡ್ಡದು ಮಾಡಿ ನೋಡಿ.

ಒಂದೊಂದಾಗಿ, ಇಲ್ಲಾ ಗಂಟುಮೂಟೆ ಸಮೇತ

ಯಾರೋ ಹವ್ಯಾಸ ಬಿಟ್ಟು ಒಟ್ಟಿಗೆ ಒಂದು ಡಬ್ಬ ಮಾರ್ತಿದ್ದಾರೆ ಅಂದ್ರೆ ನನಗೆ ಅದೇ ಇಷ್ಟ. ಹೂವಿನ ಜೊತೆ ನಾರೂ ಬರುತ್ತೆ ಅನ್ನೋದು ನಿಜ, ಹತ್ತು ಪೆನ್ನಲ್ಲಿ ಏಳು ಬರೆಯಲ್ಲ, ಆದ್ರೆ ಆ ಏಳರಿಂದ ಮುಚ್ಚಳ, ಕ್ಲಿಪ್ಪು, ನಿಬ್ಬು ಸಿಗುತ್ತೆ, ರೇಟು ಒಂದೊಂದಾಗಿ ತಗೊಳ್ಳೋದರ ಹತ್ರಕ್ಕೂ ಬರಲ್ಲ. ಒಂದು ಎಚ್ಚರಿಕೆ, 'ಯಾರೂ ನೋಡಿಲ್ಲದ ಹಳೇ ಗಂಟು' ಅಂತ ಪ್ರತಿ ವಾರ ಹೊಸ ಗಂಟು ಹಾಕೋ ಮಾರಾಟಗಾರ ಇರ್ತಾನೆ, ಅವನು ಅದರಲ್ಲಿ ಒಳ್ಳೇದನ್ನೆಲ್ಲ ಆರಿಸಿ ತೆಗೆದು ಉಳಿದಿದ್ದನ್ನ ಕಟ್ಟಿ ಹಾಕೋದು. ಅವನ ಬೇರೆ ಲಿಸ್ಟಿಂಗ್ ತೆಗೆದು ನೋಡಿ, ಆರಿಸಿ ತೆಗೆದ ಒಳ್ಳೇದು ಅಲ್ಲೇ ಬಿಡಿಬಿಡಿಯಾಗಿ ಕೂತಿರುತ್ತೆ.

ಪಾರ್ಸೆಲ್ ಬಂದಾಗ ಲೇಬಲ್ ಕಾಣೋ ಹಾಗೆ ಇಟ್ಟು ಬಿಚ್ಚೋದನ್ನ ಪೂರ್ತಿ ವಿಡಿಯೋ ಮಾಡಿ, ವಾಪಸ್ ಕಳಿಸೋ ಗಡುವು ಮುಗಿಯೋ ಮುಂಚೆ ಟೆಸ್ಟ್ ಮಾಡಿ, 'ಆಮೇಲೆ ನೋಡೋಣ' ಅಂತ ಕಪಾಟಲ್ಲಿ ಇಡಬೇಡಿ. ನಾನು ಹಂಗೇ ಇಟ್ಟು ಒಂದು ಫ್ಲಾಶ್ ಕಳ್ಕೊಂಡೆ.

ನನ್ನ ವಾಚ್‌ಲಿಸ್ಟಲ್ಲಿ ಈಗ ಒಂದು ಏರೋಮೆಟ್ರಿಕ್ ಇದೆ, ಮುಚ್ಚಳದ ಮೇಲೆ ಯಾರದ್ದೋ ಹೆಸರು, ಬರ್ಗಂಡಿ ಬಣ್ಣ. ಎಂಟು ತಿಂಗಳಲ್ಲಿ ನಾಲ್ಕನೇ ಸಲ ಲಿಸ್ಟ್ ಆಗಿದೆ, ಪ್ರತಿ ಸಲನೂ ರೇಟು ಸ್ವಲ್ಪ ಇಳಿದಿದೆ, 'ವೆರಿ ರೇರ್' ಅಂತ ಇದ್ದಿದ್ದು ಹೋಗಿ ಈಗ ಬರೀ 'ರೇರ್' ಅಂತ ಉಳಿದಿದೆ. ಆ 'ರೇರ್' ಕೂಡ ಹೋಗ್ಲಿ, ಆಗ ಆಫರ್ ಹಾಕ್ತೀನಿ.